ಕಡಲ ಸುಂಕದಲ್ಲಿ ಎದ್ದ ಮಠ

ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್‌ಗೆ ಹೋದ ಪ್ರವಾಸಿಗರು ತಪ್ಪದೇ ನೋಡುವ ಸ್ಥಳಗಳಲ್ಲಿ ಜೆರೋನಿಮೋಸ್ ಮಠ ಒಂದು. ನಗರದ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿ, ಟಾಗಸ್ ನದಿ ಸಮುದ್ರ ಸೇರುವ ದಾರಿಯಲ್ಲಿ ಬೆಲೆಂ ಎಂಬ ಬಡಾವಣೆ ಇದೆ. ಯೇಸುಕ್ರಿಸ್ತ ಹುಟ್ಟಿದ ಬೆತ್ಲೆಹೆಮ್ ಊರಿನ ಹೆಸರಿಗೆ ಪೋರ್ಚುಗೀಸರ ಬಾಯಲ್ಲಿ ಬಂದ ರೂಪವೇ ಬೆಲೆಂ. 15ನೇ ನಂಬರಿನ ಟ್ರಾಮ್ ಹತ್ತಿದರೆ ಮಠದ ಮುಂದೆಯೇ ಇಳಿಯಬಹುದು. ಇಳಿದೊಡನೆ ಕಣ್ಣಿಗೆ ಬೀಳುವುದು ಬಿಳಿ ಸುಣ್ಣಕಲ್ಲಿನ ಉದ್ದನೆಯ ಕಟ್ಟಡ. ಸಂಜೆ ಬಿಸಿಲಿನಲ್ಲಿ ಈ ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ.

ಐನೂರು ವರ್ಷಗಳ ಹಿಂದಿನ ಈ ಮಠದಲ್ಲಿ ಈಗ ಒಬ್ಬ ಸನ್ಯಾಸಿಯೂ ಇಲ್ಲ. ಆದರೂ ಪೋರ್ಚುಗಲ್‌ನ ರಾಜರು, ಕವಿಗಳು, ನಾವಿಕರು ಮಲಗಿರುವ ಈ ಕಟ್ಟಡ ಆ ದೇಶದ ಚರಿತ್ರೆಯ ಸಂಗ್ರಹವೇ ಆಗಿದೆ. ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದವನೆಂದು ನಮ್ಮ ಶಾಲಾ ಪುಸ್ತಕಗಳಲ್ಲಿ ಹೆಸರಾದ ವಾಸ್ಕೋ ಡ ಗಾಮನ ಸಮಾಧಿಯೂ ಇಲ್ಲೇ ಇದೆ. ಹೀಗಾಗಿ ಭಾರತದಿಂದ, ಅದರಲ್ಲೂ ಪಶ್ಚಿಮ ಕರಾವಳಿಯಿಂದ ಹೋದವರಿಗೆ ಇದು ಬರೀ ನೋಡಿ ಬರುವ ಕಟ್ಟಡವಲ್ಲ. ಇಷ್ಟೊಂದು ಕೆತ್ತನೆಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದಕ್ಕೆ ಉತ್ತರವೂ ಇದೆ. ಆದರೆ ಸಾಮಾನ್ಯವಾಗಿ ಹೇಳಿಕೊಂಡು ಬಂದಿರುವಷ್ಟು ಸರಳವಾಗಿಲ್ಲ.

ದಡದ ಪ್ರಾರ್ಥನಾ ಮಂದಿರ

ಬೆಲೆಂಗೆ ಹಿಂದೆ ರೆಸ್ಟೆಲೋ ಎಂಬ ಹೆಸರಿತ್ತು. ಹಡಗುಗಳು ಲಂಗರು ಹಾಕಿ ಅನುಕೂಲದ ಗಾಳಿಗಾಗಿ ಕಾಯುತ್ತಿದ್ದ ದಡವದು. ಆಫ್ರಿಕಾದ ಕರಾವಳಿಯ ಉದ್ದಕ್ಕೂ ಹಡಗುಗಳನ್ನು ಕಳುಹಿಸಿದ ರಾಜಕುಮಾರ ಹೆನ್ರಿ 15ನೇ ಶತಮಾನದಲ್ಲಿ ಇಲ್ಲೊಂದು ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿಸಿದ್ದ. ಸಮುದ್ರಕ್ಕೆ ಹೊರಡುವವರು ಇಲ್ಲಿ ಬೇಡಿಕೊಂಡು ಹೋಗುತ್ತಿದ್ದರು. 1497ರ ಜುಲೈ 8ರಂದು ವಾಸ್ಕೋ ಡ ಗಾಮನ ಹಡಗುಗಳು ಹೊರಟಿದ್ದು ಇದೇ ದಡದಿಂದ. ಹಿಂದಿನ ರಾತ್ರಿ ಆತ ಮತ್ತು ಆತನ ಸಂಗಡಿಗರು ಈ ಮಂದಿರದಲ್ಲಿ ಪ್ರಾರ್ಥನೆಯಲ್ಲಿ ಕಳೆದರೆಂದು ಹೇಳಲಾಗುತ್ತದೆ.

1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ ಗಾಮ, ಮರಳುವ ಮುನ್ನ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ನಿಲ್ಲಿಸಿ ದುರಸ್ತಿ ಮಾಡಿಸಿಕೊಂಡ. 1499ರಲ್ಲಿ ಲಿಸ್ಬನ್‌ಗೆ ಹಿಂತಿರುಗುವಾಗ ಆತನೊಂದಿಗೆ ಹೊರಟಿದ್ದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಉಳಿದಿದ್ದರು. ಸ್ಕರ್ವಿ ರೋಗ ಅನೇಕರನ್ನು ನಡುಗಡಲಲ್ಲೇ ಕೊಂದಿತ್ತು. ಸ್ವಂತ ಅಣ್ಣ ಪಾವ್ಲೋ ಕೂಡ ಮನೆ ತಲುಪದೆ ದಾರಿಯಲ್ಲೇ ತೀರಿಕೊಂಡ.

ಈ ಯಾತ್ರೆ ಸಫಲವಾದ ಸಂತೋಷಕ್ಕೆ ರಾಜ ಮ್ಯಾನುಯೆಲ್ ಮಠ ಕಟ್ಟಿಸಿದನೆಂಬುದು ಎಲ್ಲೆಡೆ ಕೇಳಿಬರುವ ಕಥೆ. ತಾರೀಖುಗಳು ಮಾತ್ರ ಬೇರೆಯೇ ಹೇಳುತ್ತವೆ. ಇಲ್ಲಿ ಮಠ ಸ್ಥಾಪಿಸಲು ಮ್ಯಾನುಯೆಲ್ ಪೋಪರ ಅನುಮತಿ ಕೇಳಿದ್ದು 1496ರಲ್ಲಿ, ಅಂದರೆ ಗಾಮ ಹೊರಡುವುದಕ್ಕೂ ಮೊದಲೇ. ತನಗೂ ತನ್ನ ವಂಶಕ್ಕೂ ಯೋಗ್ಯವಾದ ಸಮಾಧಿ ಸ್ಥಳವೊಂದು ಬೇಕೆಂಬುದು ರಾಜನ ಆಸೆಯಾಗಿತ್ತು. ಯಾತ್ರೆ ಸಫಲವಾದ ಮೇಲೆ ಆ ಯೋಜನೆ ಊಹೆಗೂ ಮೀರಿ ಬೆಳೆಯಿತು. 1501-02ರ ಸುಮಾರಿಗೆ ಅಡಿಗಲ್ಲು ಬಿತ್ತು. ಕೆಲಸ ಮುಗಿಯಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು.

ಮಠವನ್ನು ವಹಿಸಿಕೊಂಡವರು ಸಂತ ಜೆರೋಮನ ಪಂಥದ ಸನ್ಯಾಸಿಗಳು. ಜೆರೋಮ್ ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ವಿದ್ವಾಂಸ. ಮಠದ ಹೆಸರೂ ಆತನಿಂದಲೇ ಬಂದದ್ದು. ಈ ಸನ್ಯಾಸಿಗಳಿಗೆ ಎರಡು ಕರ್ತವ್ಯಗಳಿದ್ದವು. ಮೊದಲನೆಯದು ರಾಜನ ಆತ್ಮಕ್ಕಾಗಿ ಪ್ರಾರ್ಥಿಸುವುದು. ಎರಡನೆಯದು ರೆಸ್ಟೆಲೋ ದಡದಿಂದ ಹೊರಡುವ ನಾವಿಕರಿಗೆ ಧೈರ್ಯ ಹೇಳಿ, ಅವರ ಪಾಪನಿವೇದನೆ ಕೇಳಿ ಬೀಳ್ಕೊಡುವುದು.

ಇಪ್ಪತ್ತರಲ್ಲಿ ಒಂದು ಪಾಲು

ಕಟ್ಟಡದ ಖರ್ಚಿಗೆ ಮ್ಯಾನುಯೆಲ್ ಗೊತ್ತುಮಾಡಿದ ಆದಾಯದ ಹೆಸರು 'ವಿಂತೇನಾ ದ ಪಿಮೆಂತಾ'. ವಿಂತೇನಾ ಎಂದರೆ ಇಪ್ಪತ್ತನೆಯ ಒಂದು ಪಾಲು, ಪಿಮೆಂತಾ ಎಂದರೆ ಕಾಳುಮೆಣಸು. ಆಫ್ರಿಕಾ ಹಾಗೂ ಪೂರ್ವ ದೇಶಗಳಿಂದ ಬರುವ ಸರಕಿನ ವ್ಯಾಪಾರದ ಮೇಲೆ ಶೇಕಡ 5ರ ಸುಂಕ ಇದು. ವರ್ಷಕ್ಕೆ ಸುಮಾರು 70 ಕಿಲೋ ಚಿನ್ನಕ್ಕೆ ಸಮನಾದ ಮೊತ್ತ ಹೀಗೆ ಮಠಕ್ಕೆ ಹರಿದುಬಂತೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಹೆಸರು ಕೇಳಿದವರು ಮಲಬಾರಿನ, ನಮ್ಮ ಕರಾವಳಿಯ ಮೆಣಸೇ ಈ ಕಂಬಗಳನ್ನು ನಿಲ್ಲಿಸಿತು ಎಂದುಬಿಡುತ್ತಾರೆ. ಲಿಸ್ಬನ್ನಿನ ಪ್ರವಾಸಿ ಮಾರ್ಗದರ್ಶಿಗಳಿಗೂ ಈ ಮಾತು ಇಷ್ಟ. ಆದರೆ ಸುಂಕದ ನಿಯಮದಲ್ಲೊಂದು ವಿನಾಯಿತಿ ಇತ್ತು. ಕಾಳುಮೆಣಸು, ದಾಲ್ಚಿನ್ನಿ, ಲವಂಗ ಈ ಮೂರರ ಆದಾಯ ನೇರವಾಗಿ ರಾಜನ ಬೊಕ್ಕಸಕ್ಕೇ ಸೇರುತ್ತಿತ್ತು. ಅವುಗಳ ಪಾಲು ಮಠಕ್ಕೆ ಬರುತ್ತಿರಲಿಲ್ಲ. ಹೆಸರು ಮೆಣಸಿನದು, ದುಡ್ಡು ಮಾತ್ರ ಉಳಿದ ಸರಕಿನದು!

ಹಾಗಾದರೆ ಆ ಉಳಿದ ಸರಕು ಯಾವುದು? ಪೂರ್ವದಿಂದ ಬಟ್ಟೆ, ರತ್ನ ಮತ್ತಿತರ ಬೆಲೆಬಾಳುವ ವಸ್ತುಗಳು ಬರುತ್ತಿದ್ದವು. ಆಫ್ರಿಕಾದ ಪಶ್ಚಿಮ ತೀರದಿಂದ ಪೋರ್ಚುಗೀಸರು ಆ ಕಾಲದಲ್ಲಿ ತರುತ್ತಿದ್ದದ್ದು ಚಿನ್ನ, ದಂತ ಮತ್ತು ಗುಲಾಮರು. ಅಲ್ಲಿ ಮನುಷ್ಯರೂ ಸರಕಾಗಿದ್ದರು. ಮಠದ ಲೆಕ್ಕವನ್ನು ಮೆಣಸಿನ ಕಾಳುಗಳಲ್ಲಿ ಮಾತ್ರ ಎಣಿಸಿದರೆ ಈ ಆಫ್ರಿಕಾದ ಅಧ್ಯಾಯ ಮರೆಯಾಗಿಬಿಡುತ್ತದೆ. ಮೆಣಸಿನ ಕಥೆ ಕೇಳಲು ರುಚಿಕರ. ಇನ್ನೊಂದು ಕಥೆ ಹಾಗಲ್ಲ.

ಮೆಣಸಿಗೂ ಮಠಕ್ಕೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಮೆಣಸಿನ ಏಕಸ್ವಾಮ್ಯದಿಂದ ರಾಜನ ಬೊಕ್ಕಸ ತುಂಬಿದ್ದರಿಂದಲೇ ಮಿಕ್ಕ ಸುಂಕವನ್ನು ಆತ ಒಂದು ಮಠಕ್ಕೆ ಬಿಟ್ಟುಕೊಡುವುದು ಸಾಧ್ಯವಾಯಿತು. ಆ ಏಕಸ್ವಾಮ್ಯ ಬಂದದ್ದು ಬರೀ ವ್ಯಾಪಾರದ ಜಾಣ್ಮೆಯಿಂದಲ್ಲ. 1502ರಲ್ಲಿ ಎರಡನೇ ಬಾರಿ ಭಾರತಕ್ಕೆ ಬಂದ ಗಾಮ, ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗೊಂದನ್ನು ಅದರಲ್ಲಿದ್ದ ನೂರಾರು ಜನರ ಸಮೇತ ಸುಡಿಸಿದ. 1505ರಲ್ಲಿ ಮೊದಲ ವೈಸ್‌ರಾಯ್ ಆಗಿ ಬಂದ ಅಲ್ಮೇಡ ಹೊನ್ನಾವರದ ಬಂದರಿಗೆ ಬೆಂಕಿ ಇಟ್ಟ. ಬೆಲೆಂನಲ್ಲಿ ಮಠದ ಗೋಡೆಗಳು ಏಳುತ್ತಿದ್ದದ್ದು ಇದೇ ವರ್ಷಗಳಲ್ಲಿ.

ಕಲ್ಲಿನಲ್ಲಿ ಹಗ್ಗ, ಹವಳ

ಮಠದ ಮೊದಲ ವಾಸ್ತುಶಿಲ್ಪಿ ಡಿಯೊಗೊ ಬೊಯ್ತಾಕ. 1517ರ ನಂತರ ಕೆಲಸ ಮುಂದುವರಿಸಿದವನು ಜೊವಾವ್ ಡಿ ಕಾಸ್ಟಿಲ್ಯೊ. ಇವರ ಕೈಯಲ್ಲಿ ಪಳಗಿದ ಶೈಲಿಗೆ ರಾಜನ ಹೆಸರಿನಿಂದ 'ಮ್ಯಾನುಯೆಲ್ ಶೈಲಿ' ಎಂಬ ಹೆಸರಿದೆ. ಹೆಸರು ಮಾತ್ರ ಬಹಳ ತಡವಾಗಿ, 19ನೇ ಶತಮಾನದಲ್ಲಿ ಚಾಲ್ತಿಗೆ ಬಂತು. ಚರ್ಚುಗಳ ಹಳೆಯ ಗಾಥಿಕ್ ಕಮಾನುಗಳಿಗೆ ಹಡಗಿನ ಹಗ್ಗ, ಗಂಟು, ಹವಳ, ಕಡಲಪಾಚಿ ಮುಂತಾದ ರೂಪಗಳನ್ನು ಸುತ್ತಿ ಕೆತ್ತುವುದು ಈ ಶೈಲಿಯ ಗುರುತು. ನಾವಿಕರು ನಕ್ಷತ್ರಗಳ ಲೆಕ್ಕಕ್ಕೆ ಬಳಸುತ್ತಿದ್ದ ಖಗೋಲದ ಬಳೆಯಾಕಾರದ ಗೋಳ ರಾಜನ ಲಾಂಛನವಾಗಿತ್ತು. ಅದು ಇಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನದಿಯ ಕಡೆಗಿರುವ ದಕ್ಷಿಣದ್ವಾರ 32 ಮೀಟರ್ ಎತ್ತರವಿದೆ. ನಡುವೆ ಮಗುವನ್ನು ಎತ್ತಿಕೊಂಡ ಮೇರಿ ಮಾತೆ, ಸುತ್ತ ಸಂತರು, ಬಾಗಿಲ ನಡುಗಂಬದಲ್ಲಿ ರಾಜಕುಮಾರ ಹೆನ್ರಿ. ಇಷ್ಟು ವೈಭವದ ಬಾಗಿಲು ನಿಜಕ್ಕೂ ಪಕ್ಕದ ಬಾಗಿಲು! ಪೂಜಾಪೀಠಕ್ಕೆ ಎದುರಾಗಿರುವ ಮುಖ್ಯದ್ವಾರ ಪಶ್ಚಿಮದ್ದು. ಅದರ ಮೂರ್ತಿಗಳನ್ನು ಕೆತ್ತಿದವನು ನಿಕೊಲಾವ್ ಶಾಂತರೆನ್. ಅಲ್ಲಿ ಮ್ಯಾನುಯೆಲ್ ಮತ್ತು ರಾಣಿ ಮರಿಯಾ ಮಂಡಿಯೂರಿ ಕುಳಿತಿದ್ದಾರೆ.

ಒಳಗೆ ಹೋದರೆ ಸುಮಾರು 25 ಮೀಟರ್ ಎತ್ತರದ ತೆಳ್ಳನೆಯ ಕಂಬಗಳು ತಾಳೆಮರಗಳಂತೆ ಮೇಲೆದ್ದು ಛಾವಣಿಯಲ್ಲಿ ಗರಿ ಬಿಚ್ಚಿಕೊಳ್ಳುತ್ತವೆ. ಮೂರೂ ಅಂಕಣಗಳ ಛಾವಣಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಚರ್ಚು ಒಂದೇ ದೊಡ್ಡ ಹಜಾರದಂತೆ ತೋರುತ್ತದೆ. ಪೂಜಾಪೀಠದ ಮುಂದಿನ ಅಡ್ಡ ಅಂಕಣದ ಛಾವಣಿಗೆ ನಡುವೆ ಒಂದು ಕಂಬದ ಆಸರೆಯೂ ಇಲ್ಲ. 1755ರ ನವೆಂಬರ್ 1ರಂದು ಲಿಸ್ಬನ್ ನಗರವನ್ನು ನೆಲಸಮ ಮಾಡಿದ ಭೂಕಂಪವನ್ನು ಈ ಕಟ್ಟಡ ಹೆಚ್ಚು ಹಾನಿಯಿಲ್ಲದೆ ತಡೆದುಕೊಂಡಿತು.

ಆನೆಗಳು ಹೊತ್ತ ರಾಜರು

ಪೂಜಾಪೀಠದ ಭಾಗ ಉಳಿದ ಚರ್ಚಿಗಿಂತ ಸರಳ, ಗಂಭೀರ. ಅದನ್ನು 1571-72ರಲ್ಲಿ ಹೊಸದಾಗಿ ಕಟ್ಟಿಸಿದವಳು ಮ್ಯಾನುಯೆಲ್‌ನ ಸೊಸೆ, ರಾಣಿ ಕ್ಯಾಥರಿನ್. ಎರಡೂ ಪಕ್ಕದಲ್ಲಿ ಮ್ಯಾನುಯೆಲ್, ಆತನ ರಾಣಿ ಮರಿಯಾ, ಮಗ ಮೂರನೇ ಜೊವಾವ್ ಹಾಗೂ ಸ್ವತಃ ಕ್ಯಾಥರಿನ್‌ಳ ಸಮಾಧಿಗಳಿವೆ. ಅವನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ಯುರೋಪಿನ ಚರ್ಚಿನಲ್ಲಿ ಪೂಜಾಪೀಠದ ಪಕ್ಕದಲ್ಲೇ ಆನೆಯನ್ನು ಕಂಡ ಭಾರತೀಯ ಪ್ರವಾಸಿಗೆ ಅಚ್ಚರಿಯಾಗುವುದು ಸಹಜ.

ಆನೆ ಆ ಕಾಲದ ಪೋರ್ಚುಗಲ್‌ನಲ್ಲಿ ಪೂರ್ವದ ಮೇಲಿನ ಹಿಡಿತದ ಸಂಕೇತವಾಗಿತ್ತು. 1514ರಲ್ಲಿ ಮ್ಯಾನುಯೆಲ್ ಹ್ಯಾನೊ ಎಂಬ ಬಿಳಿ ಆನೆಯನ್ನು ಪೋಪ್ ಹತ್ತನೇ ಲಿಯೋಗೆ ಉಡುಗೊರೆಯಾಗಿ ಕಳುಹಿಸಿ ರೋಮ್ ನಗರವನ್ನೇ ಬೆರಗುಗೊಳಿಸಿದ್ದ. ಆ ಬಡಪಾಯಿ ಆನೆ ಎರಡೇ ವರ್ಷದಲ್ಲಿ ಸತ್ತಿತು. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗವೂ ಲಿಸ್ಬನ್ ತಲುಪಿತು. ಮಠದಿಂದ ಸ್ವಲ್ಪ ದೂರ ನದಿಯಲ್ಲೇ ನಿಂತಿರುವ ಬೆಲೆಂ ಕಾವಲು ಗೋಪುರದಲ್ಲಿ ಈ ಖಡ್ಗಮೃಗದ ತಲೆಯ ಕೆತ್ತನೆ ಸವೆದ ರೂಪದಲ್ಲಿ ಇಂದಿಗೂ ಇದೆ.

ಕ್ಯಾಥರಿನ್ ಈ ಭಾಗ ಕಟ್ಟಿಸುವುದಕ್ಕೆ ಮೊದಲಿನ ಎರಡು ಮೂರು ವರ್ಷಗಳಲ್ಲೇ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆಯೂರಿದ್ದರು. ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದವರೂ ಅವರೇ. ಕನ್ನಡ ಕರಾವಳಿಯ ಮೆಣಸು, ಅಕ್ಕಿಗಳ ವ್ಯಾಪಾರ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಬೆಲೆಂನ ಅಮೃತಶಿಲೆಗೆ ಇಲ್ಲಿಯ ಹಣ ಸಂದಿತೆಂದು ಹೇಳಲು ಆಧಾರವಿಲ್ಲ. ಆದರೆ ಆ ಆನೆಗಳು ಹೊತ್ತ ಸಾಮ್ರಾಜ್ಯದ ಭಾರದಲ್ಲಿ ಈ ಊರುಗಳ ಪಾಲೂ ಇದ್ದದ್ದು ನಿಜ.

ಅಡ್ಡ ಅಂಕಣದಲ್ಲಿ ಇನ್ನೊಂದು ಸಮಾಧಿ ಆನೆಗಳ ಮೇಲಿದೆ. ಅದು 1578ರಲ್ಲಿ ಮೊರಾಕ್ಕೊದ ಯುದ್ಧದಲ್ಲಿ 24ನೇ ವಯಸ್ಸಿಗೇ ಕಣ್ಮರೆಯಾದ ರಾಜ ಸೆಬಾಸ್ಟಿಯನ್‌ನದು. ಆತ ಸತ್ತಿಲ್ಲ, ಒಂದಲ್ಲ ಒಂದು ದಿನ ಬಂದೇ ಬರುತ್ತಾನೆಂದು ಪೋರ್ಚುಗೀಸರು ತಲೆಮಾರುಗಳ ಕಾಲ ನಂಬಿದ್ದರು. ಒಳಗಿರುವುದು ಆತನೇ, ಕೇಳಿಬಂದ ಸುದ್ದಿ ನಿಜವಾಗಿದ್ದರೆ, ಎಂಬರ್ಥದ ಮಾತನ್ನು ಸಮಾಧಿಯ ಮೇಲೇ ಬರೆಸಲಾಗಿದೆ. ಆತನ ಬಳಿಕ 1580ರಲ್ಲಿ ಪೋರ್ಚುಗಲ್ 60 ವರ್ಷ ಸ್ಪೇನಿನ ದೊರೆಗಳ ಕೈಸೇರಿತು.

ಎರಡು ಸಮಾಧಿ, ಒಂದು ಸಂದೇಹ

ಪಶ್ಚಿಮದ್ವಾರದಿಂದ ಒಳಬಂದೊಡನೆ ಎದುರುಬದುರಾಗಿ ಕಾಣುವುದು ವಾಸ್ಕೋ ಡ ಗಾಮ ಮತ್ತು ಮಹಾಕವಿ ಲೂಯಿಸ್ ಡಿ ಕಮೊಯಿಸ್ ಇವರ ಸಮಾಧಿಗಳು. ಗಾಮನದರ ಮೇಲೆ ಹಡಗಿನ ಚಿತ್ರ, ಕವಿಯದರ ಮೇಲೆ ವೀಣೆಯಂಥ ತಂತಿವಾದ್ಯ. ಹಳೆಯ ಕಾಲದವೆಂದೇ ತೋರುವ ಇವು 19ನೇ ಶತಮಾನದ ಕೊನೆಯವು.

ಗಾಮ ಸತ್ತದ್ದು 1524ರ ಡಿಸೆಂಬರ್ 24ರಂದು, ಕೊಚ್ಚಿಯಲ್ಲಿ. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಆತನ ಮೊದಲ ಗೋರಿಯ ಜಾಗವನ್ನು ಕೇರಳ ಪ್ರವಾಸ ಮಾಡಿದ ಅನೇಕ ಕನ್ನಡಿಗರು ನೋಡಿರುತ್ತಾರೆ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ನ ವಿಡಿಗೇರ ಎಂಬಲ್ಲಿಗೆ ಒಯ್ಯಲಾಯಿತು. 1880ರಲ್ಲಿ, ಕಮೊಯಿಸ್ ತೀರಿಕೊಂಡ ಮುನ್ನೂರನೇ ವರ್ಷದ ಸಂದರ್ಭದಲ್ಲಿ, ಇಬ್ಬರ ಮೂಳೆಗಳನ್ನೂ ಮೆರವಣಿಗೆಯಲ್ಲಿ ಬೆಲೆಂಗೆ ತರಲಾಯಿತು. ಆಮೇಲೆ ಗೊತ್ತಾಯಿತು, ಗಾಮನದೆಂದು ತಂದದ್ದು ಬೇರೆ ಯಾರದೋ ಮೂಳೆ! 1898ರಲ್ಲಿ, ಸಮುದ್ರಮಾರ್ಗದ ನಾಲ್ಕುನೂರನೇ ವರ್ಷಕ್ಕೆ, ತಪ್ಪು ತಿದ್ದಿ ಇನ್ನೊಮ್ಮೆ ತರಬೇಕಾಯಿತು. ಗೋವೆಯಲ್ಲಿ ವರ್ಷಗಟ್ಟಲೆ ಇದ್ದು, 1572ರಲ್ಲಿ ಗಾಮನ ಯಾತ್ರೆಯನ್ನು ಮಹಾಕಾವ್ಯವಾಗಿ ಪ್ರಕಟಿಸಿದ ಕಮೊಯಿಸ್‌ನ ಅವಶೇಷಗಳ ವಿಷಯದಲ್ಲಂತೂ ಸಂದೇಹ ಇಂದಿಗೂ ಉಳಿದಿದೆ. ಆತನ ಮೊದಲ ಸಮಾಧಿ ಇದ್ದ ಸ್ಥಳ 1755ರ ಭೂಕಂಪದಲ್ಲಿ ಹಾಳಾಗಿತ್ತು.

ಸನ್ಯಾಸಿಗಳು ಹೋದ ಮೇಲೆ

ಚರ್ಚಿನ ಪಕ್ಕದಲ್ಲೇ ಸನ್ಯಾಸಿಗಳ ಒಳ ಅಂಗಳ. ನಮ್ಮ ಹಳೆಯ ತೊಟ್ಟಿಮನೆಗಳಂತೆ ನಡುವೆ ಆಕಾಶಕ್ಕೆ ತೆರೆದ ಚೌಕ, ನಾಲ್ಕೂ ಸುತ್ತ ಎರಡು ಅಂತಸ್ತಿನ ಕಮಾನಿನ ಪಡಸಾಲೆ. ಅಳತೆ 55 ಮೀಟರ್ ಉದ್ದ, 55 ಮೀಟರ್ ಅಗಲ. ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲ. ಸನ್ಯಾಸಿಗಳು ಓದುತ್ತಾ, ಧ್ಯಾನಿಸುತ್ತಾ ಸುತ್ತು ಹಾಕುತ್ತಿದ್ದದ್ದು ಇಲ್ಲಿಯೇ.

1833ರ ಕೊನೆಯಲ್ಲಿ ಈ ಬದುಕು ನಿಂತುಹೋಯಿತು. ಅಂತರ್ಯುದ್ಧದಲ್ಲಿ ಗೆದ್ದ ಉದಾರವಾದಿಗಳ ಸರ್ಕಾರ ಮಠವನ್ನು ವಶಪಡಿಸಿಕೊಂಡು ಅನಾಥ ಮಕ್ಕಳ ಸಂಸ್ಥೆಯಾದ 'ಕಾಸಾ ಪಿಯಾ'ಕ್ಕೆ ವಹಿಸಿತು. ಮರುವರ್ಷ ದೇಶದ ಎಲ್ಲ ಪುರುಷ ಸನ್ಯಾಸಿ ಪಂಥಗಳೂ ರದ್ದಾದವು. ಮುಂದೆ ನೂರಕ್ಕೂ ಹೆಚ್ಚು ವರ್ಷ ರಾಜರ ಸಮಾಧಿಗಳ ಪಕ್ಕದ ಕಟ್ಟಡಗಳಲ್ಲಿ ತಂದೆತಾಯಿ ಇಲ್ಲದ ಮಕ್ಕಳು ಓದಿ ಬೆಳೆದರು. ಇದೇ ಅವಧಿಯಲ್ಲಿ ಮಠದ ಉದ್ದನೆಯ ಪಶ್ಚಿಮ ಭಾಗವನ್ನು ಹೊಸ ರೀತಿಯಲ್ಲಿ ಕಟ್ಟುವಾಗ, 1878ರ ಡಿಸೆಂಬರಿನಲ್ಲಿ ಅದರ ನಡುಗೋಪುರ ಕುಸಿದು ಹಲವು ಕಾರ್ಮಿಕರು ಸತ್ತರು. ಆ ಕೆಲಸದ ಹೊಣೆ ಹೊತ್ತವರು ನಾಟಕರಂಗದ ಪರದೆಗಳ ವಿನ್ಯಾಸಕಾರರಾಗಿದ್ದರು!

ಮಠ ಮುಚ್ಚಿದ ಘಟನೆಗೆ ಒಂದು ಸಿಹಿಯ ಬಾಲವೂ ಇದೆ. ಸನ್ಯಾಸಿಗಳು ಮೊಟ್ಟೆಯ ಬಿಳಿಯನ್ನು ಉಡುಪಿಗೆ ಗಂಜಿ ಹಾಕಲು ಬಳಸಿ, ಮಿಕ್ಕ ಹಳದಿಯಿಂದ ಸಿಹಿ ಮಾಡುತ್ತಿದ್ದರೆಂಬ ಪ್ರತೀತಿ ಇದೆ. ಮಠದ ಪಾಕವಿಧಾನವೊಂದು ಹೊರಗಿನವರ ಕೈಸೇರಿ, 1837ರಿಂದ ಪಕ್ಕದ ಅಂಗಡಿಯಲ್ಲಿ 'ಪಾಸ್ಟೆಯಿಸ್ ದ ಬೆಲೆಂ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಪದರ ಪದರದ ಗರಿಗರಿ ಬಟ್ಟಲಿನಲ್ಲಿ ಮೊಟ್ಟೆ, ಹಾಲು, ಸಕ್ಕರೆಯ ಪಾಕ. ಮಠ ನೋಡಲು ನಿಂತವರ ಸಾಲಿಗೆ ಈ ಅಂಗಡಿಯ ಸಾಲು ಪೈಪೋಟಿ ಕೊಡುತ್ತದೆ.

20ನೇ ಶತಮಾನದಲ್ಲಿ ಮಠ ರಾಷ್ಟ್ರದ ವೇದಿಕೆಯಾಯಿತು. 1940ರಲ್ಲಿ ಸಲಜಾರ್‌ನ ಸರ್ವಾಧಿಕಾರಿ ಸರ್ಕಾರ ಮಠದ ಮುಂದಿನ ಬಯಲಿನಲ್ಲೇ ಸಾಮ್ರಾಜ್ಯದ ಭಾರಿ ವಸ್ತುಪ್ರದರ್ಶನ ನಡೆಸಿತು. 1961ರಲ್ಲಿ ಗೋವಾ ಕೈಬಿಟ್ಟಿತು, 1974ರಲ್ಲಿ ಸರ್ವಾಧಿಕಾರ ಕೊನೆಗೊಂಡಿತು, ಆಫ್ರಿಕಾದ ವಸಾಹತುಗಳೂ ಸ್ವತಂತ್ರವಾದವು. 1983ರಲ್ಲಿ ಯುನೆಸ್ಕೊ ಮಠವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ಒಕ್ಕೂಟ ಸೇರುವ ಒಪ್ಪಂದಕ್ಕೆ ಪೋರ್ಚುಗಲ್ 1985ರಲ್ಲಿ ಸಹಿ ಹಾಕಿದ್ದು ಇಲ್ಲಿಯೇ. 2007ರ ಡಿಸೆಂಬರ್ 13ರ ಲಿಸ್ಬನ್ ಒಪ್ಪಂದಕ್ಕೂ ಇದೇ ಸ್ಥಳ. ಕಡಲಿನ ಕಡೆಗೆ ಮುಖ ಮಾಡಿ ಕಟ್ಟಿದ ಮಠದಲ್ಲಿ ದೇಶ ಯುರೋಪಿನ ಕಡೆಗೆ ತಿರುಗಿತು. 1985ರಲ್ಲೇ ಕವಿ ಫರ್ನಾಂಡೊ ಪೆಸ್ಸೋವಾನ ಅವಶೇಷಗಳೂ ಈ ಅಂಗಳಕ್ಕೆ ಬಂದವು.

ಹೋದವರು ಏನು ನೋಡಬೇಕು?

ಚರ್ಚಿಗೂ ಒಳ ಅಂಗಳಕ್ಕೂ ಪ್ರವೇಶ ಬೇರೆ ಬೇರೆ. ಸೋಮವಾರ ಮಠಕ್ಕೆ ರಜೆ. ಬೆಳಿಗ್ಗೆ ಬೇಗ ಹೋದರೆ ಸಾಲಿನ ಕಾಟ ಕಡಿಮೆ. ಬಹುತೇಕ ಪ್ರವಾಸಿಗರು ಗಾಮನ ಸಮಾಧಿಯ ಮುಂದೆ ಫೋಟೊ ತೆಗೆಸಿಕೊಂಡು, ಅಂಗಳಕ್ಕೊಂದು ಸುತ್ತು ಬಂದು ಹೊರಟುಬಿಡುತ್ತಾರೆ.

ಸ್ವಲ್ಪ ಸಮಯವಿದ್ದವರು ಅಂಗಳದ ಕೆಳ ಪಡಸಾಲೆಯಲ್ಲಿ, ಚರ್ಚಿಗೆ ತಗುಲಿದ ಗೋಡೆಯ ಸಾಲು ಬಾಗಿಲುಗಳನ್ನು ಗಮನಿಸಬೇಕು. ಒಟ್ಟು 12 ಇವೆ. ಗೋಡೆಯ ದಪ್ಪದೊಳಗೇ ಕೊರೆದ ಪಾಪನಿವೇದನೆಯ ಗೂಡುಗಳಿವು. ಅಂಗಳದ ಕಡೆಯಿಂದ ಸನ್ಯಾಸಿ ಬಂದು ಕೂರುತ್ತಿದ್ದ. ಚರ್ಚಿನ ಕಡೆಯಿಂದ ನಾವಿಕ ಬಂದು ಮಂಡಿಯೂರುತ್ತಿದ್ದ. ನಡುವೆ ಒಂದು ಜಾಲರಿ. ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದು.

ಇಲ್ಲಿ ಮಂಡಿಯೂರಿದವರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ. ಮರಳಿ ಬಂದವರಲ್ಲಿ ಹಡಗು ಸುಟ್ಟವರು, ಬಂದರಿಗೆ ಬೆಂಕಿ ಇಟ್ಟವರು, ಮನುಷ್ಯರನ್ನು ಸರಕಾಗಿ ಸಾಗಿಸಿದವರು ಇದ್ದಿರಲೇಬೇಕು. ಅವರು ಇಲ್ಲಿ ಏನು ಹೇಳಿಕೊಂಡರೆಂಬುದು ಯಾವ ದಫ್ತರದಲ್ಲೂ ದಾಖಲಾಗಿಲ್ಲ. ದಾಖಲಾಗಬಾರದೆಂಬುದೇ ಪಾಪನಿವೇದನೆಯ ನಿಯಮ. ಮಠಕ್ಕೆ ಸಂದ ಸುಂಕದ ಲೆಕ್ಕವಾದರೂ ಉಳಿದಿದೆ. ಆ ಲೆಕ್ಕ ತಿಳಿದು ನೋಡಿದರೆ ಜೆರೋನಿಮೋಸ್‌ನ ಕೆತ್ತನೆಯ ಸೊಗಸು ಕಡಿಮೆಯಾಗುವುದಿಲ್ಲ. ಅದಕ್ಕೆ ಬೆಲೆ ತೆತ್ತವರಾರು ಎಂಬುದೂ ಜೊತೆಗೆ ಕಾಣುತ್ತದೆ.